ನಿಮ್ಮ ಆರ್ಗ್ಯಾನಿಕ್ ಫೋಟೋಡಿಟೆಕ್ಟರ್ ಯಾಕೆ ನಿಧಾನ? ವೇಗ ಅಳೆದು ಕಾರಣ ಹಿಡಿಯಲು ಸಮಗ್ರ ಮಾರ್ಗದರ್ಶಿ

ಆರ್ಗ್ಯಾನಿಕ್ ಫೋಟೋಡಿಟೆಕ್ಟರ್ ಅಂದರೆ ಎರಡು ಎಲೆಕ್ಟ್ರೋಡ್ ನಡುವೆ ಪಾಲಿಮರ್‌ನಂಥ ವಸ್ತುವಿನ ತೆಳು ಪದರ ಇಟ್ಟು, ಬಿದ್ದ ಬೆಳಕನ್ನು ಕರೆಂಟ್ ಆಗಿಸುವ ಡಿವೈಸ್. ಅದನ್ನು ಮಾಡುವವರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಡಿಟೆಕ್ಟರ್ ಮಾಡಿದೆ, ಬೆಳಕು ಬಿಟ್ಟೆ, ಸಿಗ್ನಲ್ ಮೇಲೇರಲು ಮೂರೂವರೆ ಮಿಲಿಸೆಕೆಂಡ್ ಬೇಕಾಯಿತು. ನನ್ನ ಪಾಲಿಮರ್‌ನಲ್ಲಿ ಚಾರ್ಜ್ ಸಾಗುವುದೇ ಇಷ್ಟು ನಿಧಾನವಾ?" ಬಹಳಷ್ಟು ಸಲ ಪಾಲಿಮರ್‌ದು ಏನೂ ತಪ್ಪಿರುವುದಿಲ್ಲ. ಆ ಮೂರೂವರೆ ಮಿಲಿಸೆಕೆಂಡ್ ಎಲ್ಲಿಂದ ಬಂತು ಅಂತ ನಾಲ್ಕನೇ ಹಂತದಲ್ಲಿ ಲೆಕ್ಕ ಸಮೇತ ತೋರಿಸುತ್ತೇನೆ.

ಜನ ಎಡವುವುದು ಕ್ರಮದಲ್ಲಿ. ನಿಧಾನಕ್ಕೆ ನಾಲ್ಕು ಕಾರಣ ಇರಬಹುದು: ಅಳೆಯುವ ಉಪಕರಣ, ಆರ್‌ಸಿ (ರೆಸಿಸ್ಟೆನ್ಸ್ ಮೂಲಕ ಕೆಪಾಸಿಟರ್ ತುಂಬಲು ಹಿಡಿಯುವ ಸಮಯ), ಚಾರ್ಜ್ ಪದರವನ್ನು ದಾಟುವ ಸಮಯ, ಟ್ರ್ಯಾಪ್‌ಗಳು (ಚಾರ್ಜ್ ಸಿಕ್ಕಿಬೀಳುವ ಗುಂಡಿಗಳು). ಇದೇ ಕ್ರಮದಲ್ಲಿ ಒಂದೊಂದಾಗಿ ಪಕ್ಕಕ್ಕೆ ಇಡುತ್ತಾ ಹೋಗಬೇಕು. ನೇರವಾಗಿ ಮೂರನೆಯದಕ್ಕೆ ಹಾರಿದರೆ ಒಳ್ಳೆಯ ವಸ್ತುವನ್ನು ಸುಮ್ನೆ ಕಸದ ಬುಟ್ಟಿಗೆ ಹಾಕುತ್ತೀರಿ.

## ಮೊದಲು ಮೇಜಿನ ಮೇಲೆ ಏನೇನು ಇರಬೇಕು

ಕನಿಷ್ಠ 100 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ (ಎಷ್ಟು ಫ್ರೀಕ್ವೆನ್ಸಿಯ ತನಕ ಸಿಗ್ನಲ್ ಹೆಚ್ಚು ಕುಗ್ಗದೆ ಬರುತ್ತದೆ ಅನ್ನುವ ಮಿತಿ) ಇರುವ ಆಸಿಲೋಸ್ಕೋಪ್. ಚೌಕ ಅಲೆ ಮತ್ತು ಸೈನ್ ಅಲೆ ಎರಡನ್ನೂ ಕೊಡುವ ಫಂಕ್ಷನ್ ಜನರೇಟರ್. ನಿಮ್ಮ ಪದರ ಚೆನ್ನಾಗಿ ಹೀರುವ ಬಣ್ಣದ ಎಲ್‌ಇಡಿ ಅಥವಾ ಲೇಸರ್ ಡಯೋಡ್. ಲೇಸರ್ ಆದರೆ ಅದಕ್ಕೆ ತಕ್ಕ ಕನ್ನಡಕ ಹಾಕಿಕೊಳ್ಳದೆ ಆನ್ ಮಾಡಬೇಡಿ.

50 ಓಂ ಟರ್ಮಿನೇಟರ್ ಒಂದು. 500 ಓಂ, 5 ಕಿಲೋಓಂ, 50 ಕಿಲೋಓಂ ರೆಸಿಸ್ಟರ್‌ಗಳು. ಚಿಕ್ಕ ಬಿಎನ್‌ಸಿ ಕೇಬಲ್‌ಗಳು. ಕೆಪಾಸಿಟೆನ್ಸ್ ಅಳೆಯಲು ಎಲ್‌ಸಿಆರ್ ಮೀಟರ್. ಬೆಳಕಿನ ತೀವ್ರತೆ ತಗ್ಗಿಸಲು ಎರಡು ಮೂರು ನ್ಯೂಟ್ರಲ್ ಫಿಲ್ಟರ್.

ಇವೆಲ್ಲದಕ್ಕಿಂತ ಮುಖ್ಯವಾದದ್ದು ವೇಗ ಮೊದಲೇ ಗೊತ್ತಿರುವ ಒಂದು ಸಿಲಿಕಾನ್ ಪಿನ್ ಫೋಟೋಡಯೋಡ್. ಇದಿಲ್ಲದೆ ಕೆಲಸ ಶುರು ಮಾಡಬೇಡಿ. ಬಿಳಿ ಎಲ್‌ಇಡಿ ಕೂಡ ಬೇಡ. ಅದರ ಹಳದಿ ಬೆಳಕು ಫಾಸ್ಫರ್‌ನಿಂದ ಬರುತ್ತದೆ. ಕರೆಂಟ್ ನಿಂತ ಮೇಲೂ ಆ ಫಾಸ್ಫರ್ ಹಲವು ಹತ್ತು ನ್ಯಾನೋಸೆಕೆಂಡ್ ಮಿನುಗುತ್ತಲೇ ಇರುತ್ತದೆ.

## ಹಂತ 1: ಕಾಗದದ ಮೇಲೆ ಎರಡು ಸಂಖ್ಯೆ

ಅಳೆಯುವ ಮೊದಲೇ ಯಾವ ಉತ್ತರ ಬರಬೇಕು ಅನ್ನುವ ಅಂದಾಜು ಕೈಯಲ್ಲಿರಲಿ. ಒಂದು ಡಿವೈಸ್ ಇಟ್ಟುಕೊಂಡು ಲೆಕ್ಕ ಹಾಕೋಣ. ಕೊನೆಯವರೆಗೂ ಇದೇ ನಮ್ಮ ಉದಾಹರಣೆ. ಪದರದ ದಪ್ಪ 200 ನ್ಯಾನೋಮೀಟರ್, ವಿಸ್ತೀರ್ಣ 10 ಚದರ ಮಿಲಿಮೀಟರ್, ಪದರದ ಮೇಲೆ ಒಟ್ಟು 2 ವೋಲ್ಟ್, ಡೈಎಲೆಕ್ಟ್ರಿಕ್ ಸ್ಥಿರಾಂಕ 3.5.

ಮೊದಲನೆಯದು ದಾಟುವ ಸಮಯ. ದಪ್ಪದ ವರ್ಗವನ್ನು ಮೊಬಿಲಿಟಿ (ಫೀಲ್ಡ್ ತಳ್ಳಿದಾಗ ಚಾರ್ಜ್ ಎಷ್ಟು ಸಲೀಸಾಗಿ ಸಾಗುತ್ತದೆ ಅನ್ನುವ ಅಳತೆ) ಮತ್ತು ವೋಲ್ಟೇಜ್‌ಗಳ ಗುಣಲಬ್ಧದಿಂದ ಭಾಗಿಸಿದರೆ ಇದು ಸಿಗುತ್ತದೆ. ಮೊಬಿಲಿಟಿ 0.0001 ಚದರ ಸೆಂಟಿಮೀಟರ್ ಪ್ರತಿ ವೋಲ್ಟ್-ಸೆಕೆಂಡ್ ಅಂತಿಟ್ಟುಕೊಳ್ಳಿ. ಪಾಲಿಮರ್ ಮಿಶ್ರಣಗಳಲ್ಲಿ ಇದು ಸಾಮಾನ್ಯ. ಆಗ ದಾಟುವ ಸಮಯ 2 ಮೈಕ್ರೋಸೆಕೆಂಡ್. 0.557ನ್ನು ಈ ಸಮಯದಿಂದ ಭಾಗಿಸಿದರೆ ಬ್ಯಾಂಡ್‌ವಿಡ್ತ್, ಅಂದರೆ ಸುಮಾರು 280 ಕಿಲೋಹರ್ಟ್ಸ್.

ಎಲೆಕ್ಟ್ರಾನ್, ಹೋಲ್ (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ, ಧನ ಚಾರ್ಜ್‌ನಂತೆ ಸಾಗುತ್ತದೆ) ಎರಡರಲ್ಲಿ ಯಾವುದು ನಿಧಾನವೋ ಅದರ ಮೊಬಿಲಿಟಿ ಹಾಕಿ. ವೇಗದ್ದನ್ನು ಹಾಕಿದರೆ ಸಿಗುವ ಉತ್ತರ ಖುಷಿ ಕೊಡುತ್ತದೆ, ಆದರೆ ತಪ್ಪಾಗಿರುತ್ತದೆ. ಬೆಳಕು ಬಿದ್ದ ಕೂಡಲೇ ಹುಟ್ಟುವ ಎಕ್ಸಿಟಾನ್ (ಒಂದಕ್ಕೊಂದು ಅಂಟಿಕೊಂಡ ಎಲೆಕ್ಟ್ರಾನ್-ಹೋಲ್ ಜೋಡಿ) ಒಡೆದು ಬೇರೆ ಬೇರೆ ಎಲೆಕ್ಟ್ರಾನ್-ಹೋಲ್ ಆಗುವುದಕ್ಕೆ ಹೆಚ್ಚು ಸಮಯ ಹಿಡಿಯುವುದಿಲ್ಲ. ಒಳ್ಳೆಯ ಮಿಶ್ರಣದಲ್ಲಿ ಅದು ಪಿಕೋಸೆಕೆಂಡ್‌ಗಳಲ್ಲೇ ಮುಗಿಯುತ್ತದೆ. ಹೊತ್ತು ಹೋಗುವುದು ಆಮೇಲಿನ ನಡಿಗೆಯಲ್ಲಿ. ಸಿಲಿಕಾನ್ ಹರಳಿನಲ್ಲಿ ಚಾರ್ಜ್ ಹೆದ್ದಾರಿಯಲ್ಲಿ ಓಡಿದ ಹಾಗೆ ಓಡುತ್ತದೆ. ಇಲ್ಲಿ ಅದು ಒಂದು ಅಣುವಿನಿಂದ ಇನ್ನೊಂದಕ್ಕೆ, ಹೊಳೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದ ಹಾಗೆ, ಹಾರುತ್ತಾ ಹೋಗಬೇಕು.

ಎರಡನೆಯದು ಆರ್‌ಸಿ. ಎರಡು ಎಲೆಕ್ಟ್ರೋಡ್ ನಡುವೆ ತೆಳು ಪದರ ಅಂದರೆ ಅದೊಂದು ಕೆಪಾಸಿಟರ್ ಅಲ್ವಾ? ನಮ್ಮ ಡಿವೈಸ್‌ಗೆ ಸುಮಾರು 1.55 ನ್ಯಾನೋಫ್ಯಾರಡ್ ಬರುತ್ತದೆ. ಲೋಡ್ (ಸಿಗ್ನಲ್ ಅಳೆಯಲು ಡಿವೈಸ್‌ಗೆ ಸೇರಿಸುವ ರೆಸಿಸ್ಟರ್) 50 ಓಂ, ಎಲೆಕ್ಟ್ರೋಡ್ ಮತ್ತು ಸಂಪರ್ಕದ್ದು 30 ಓಂ, ಒಟ್ಟು 80. ಗುಣಿಸಿದರೆ 124 ನ್ಯಾನೋಸೆಕೆಂಡ್, ಬ್ಯಾಂಡ್‌ವಿಡ್ತ್ 1.28 ಮೆಗಾಹರ್ಟ್ಸ್.

ಎರಡನ್ನೂ ಸೇರಿಸುವುದು ಹೀಗೆ: ಪ್ರತಿಯೊಂದು ಬ್ಯಾಂಡ್‌ವಿಡ್ತ್‌ನ ವರ್ಗದ ವಿಲೋಮ ತೆಗೆದುಕೊಂಡು ಕೂಡಿಸಿ, ಆ ಮೊತ್ತದ ವಿಲೋಮಕ್ಕೆ ವರ್ಗಮೂಲ. ಇಲ್ಲಿ 274 ಕಿಲೋಹರ್ಟ್ಸ್ ಬರುತ್ತದೆ. ದಾಟುವ ಸಮಯವೇ ಇಲ್ಲಿ ಯಜಮಾನ. ಈಗ ಮೊಬಿಲಿಟಿಯನ್ನು ಹತ್ತು ಪಟ್ಟು ಏರಿಸಿ ನೋಡಿ. ದಾಟುವ ಮಿತಿ 2.8 ಮೆಗಾಹರ್ಟ್ಸ್‌ಗೆ ಹೋಗುತ್ತದೆ, ಆದರೆ ಒಟ್ಟು ಉತ್ತರ 1.16ಕ್ಕೇ ನಿಲ್ಲುತ್ತದೆ. ಈಗ ತಡೆಯುತ್ತಿರುವುದು ಆರ್‌ಸಿ. ಆಗ ಇನ್ನೂ ಒಳ್ಳೆಯ ಪಾಲಿಮರ್ ಹುಡುಕುತ್ತಾ ಕೂತರೆ ಹೆಚ್ಚೇನೂ ಸಿಗುವುದಿಲ್ಲ.

## ಹಂತ 2: ಮೊದಲ ಅಳತೆ ಸಿಲಿಕಾನ್ ಡಯೋಡ್‌ದು

ಎಲ್‌ಇಡಿ, ಜನರೇಟರ್, ಕೇಬಲ್, ಸ್ಕೋಪ್ ಎಲ್ಲ ಜೋಡಿಸಿ. ಆದರೆ ನಿಮ್ಮ ಡಿವೈಸ್ ಕೂರುವ ಜಾಗದಲ್ಲಿ ಸಿಲಿಕಾನ್ ಡಯೋಡ್ ಇಡಿ. ಅದಕ್ಕೆ ಕೆಲವು ವೋಲ್ಟ್ ರಿವರ್ಸ್ ಬಯಾಸ್ (ಡಯೋಡ್ ಕರೆಂಟ್ ತಡೆಯುವ ದಿಕ್ಕಿನ ವೋಲ್ಟೇಜ್) ಕೊಟ್ಟು 50 ಓಂ ಲೋಡ್‌ನಲ್ಲಿ ಏರುವ ಸಮಯ ಅಳೆಯಿರಿ. ಸಿಗ್ನಲ್ ಶೇ. 10ರಿಂದ ಶೇ. 90ಕ್ಕೆ ಏರಲು ಬೇಕಾದ ಹೊತ್ತನ್ನೇ ಏರುವ ಸಮಯ ಅನ್ನುತ್ತೇವೆ.

ಇಲ್ಲಿ ಬರುವ ಸಂಖ್ಯೆ ನಿಮ್ಮ ಸೆಟಪ್‌ನ ವೇಗ. ಅದಕ್ಕಿಂತ ವೇಗವಾದ ಯಾವುದನ್ನೂ ಈ ಮೇಜಿನ ಮೇಲೆ ನೀವು ಕಾಣಲಾರಿರಿ. ಡಿವೈಸ್‌ನ ನಿರೀಕ್ಷಿತ ಏರುವ ಸಮಯಕ್ಕಿಂತ ಇದು ಕನಿಷ್ಠ ಐದು ಪಟ್ಟು ಚಿಕ್ಕದಿರಲಿ. ಇಲ್ಲದಿದ್ದರೆ ಎಲ್‌ಇಡಿಯ ಡ್ರೈವರ್, ಸ್ಕೋಪ್‌ನ 20 ಮೆಗಾಹರ್ಟ್ಸ್ ಮಿತಿಯ ಬಟನ್, ಆಂಪ್ಲಿಫೈಯರ್, ಈ ಮೂರನ್ನೂ ಒಂದೊಂದಾಗಿ ನೋಡಿ.

ಒಂದು ಎಚ್ಚರಿಕೆ. ಈ ಪರೀಕ್ಷೆಗೆ ಕೆಂಪು ಅಥವಾ ಹಸಿರು ಬೆಳಕು ಬಳಸಿ. ಅವಗೆಂಪು ಬೆಳಕು ಸಿಲಿಕಾನ್‌ನಲ್ಲಿ ಆಳಕ್ಕೆ ಇಳಿಯುತ್ತದೆ. ಎಲೆಕ್ಟ್ರಿಕ್ ಫೀಲ್ಡ್ ಇಲ್ಲದ ಆ ಜಾಗದಲ್ಲಿ ಹುಟ್ಟಿದ ಚಾರ್ಜ್ ನಿಧಾನವಾಗಿ ತೇಲಿ ಬರುತ್ತದೆ. ಆಗ ಸಿಲಿಕಾನ್‌ಗೂ ಒಂದು ಬಾಲ ಬಂದು ನಿಮ್ಮ ದಾರಿ ತಪ್ಪಿಸುತ್ತದೆ.

ಈ ಹಂತ ಬಿಟ್ಟು ನಾನು ಎರಡು ವಾರ ಕಳೆದುಕೊಂಡಿದ್ದೇನೆ. ಮೂರು ಬಗೆಯ ಪಾಲಿಮರ್, ನಾಲ್ಕು ದಪ್ಪ, ಎಲ್ಲದಕ್ಕೂ ಏರುವ ಸಮಯ 40 ಮೈಕ್ರೋಸೆಕೆಂಡ್ ಹತ್ತಿರವೇ ಬರುತ್ತಿತ್ತು. ದಪ್ಪ ಎರಡರಷ್ಟಾದರೂ ಗೆರೆ ಅಲ್ಲಾಡಲಿಲ್ಲ. ಕೊನೆಗೆ ಸಿಲಿಕಾನ್ ಡಯೋಡ್ ಇಟ್ಟೆ. ಅದಕ್ಕೂ 40 ಮೈಕ್ರೋಸೆಕೆಂಡ್! ಕರೆಂಟ್ ಆಂಪ್ಲಿಫೈಯರ್ ಅತಿ ಹೆಚ್ಚಿನ ಗೇನ್‌ನಲ್ಲಿ (ಸಿಗ್ನಲ್ ಹಿಗ್ಗಿಸುವ ಪಟ್ಟು) ಕೂತಿತ್ತು. ಆ ಗೇನ್‌ನಲ್ಲಿ ಅದರ ಬ್ಯಾಂಡ್‌ವಿಡ್ತ್ 9 ಕಿಲೋಹರ್ಟ್ಸ್ ಕೂಡ ಇರಲಿಲ್ಲ. ಇಂಥ ಆಂಪ್ಲಿಫೈಯರ್‌ಗಳಲ್ಲಿ ಗೇನ್ ಏರಿದಷ್ಟೂ ವೇಗ ಇಳಿಯುತ್ತದೆ. ಬೇರೆ ಬೇರೆ ಡಿವೈಸ್‌ಗೆ ಒಂದೇ ಸಂಖ್ಯೆ ಬರುತ್ತಿದೆಯಾ? ಮೊದಲ ಅನುಮಾನ ಸೆಟಪ್ ಮೇಲೆಯೇ ಇರಲಿ.

ಈ ಹಂತ ಮುಗಿಸುವ ಮೊದಲು ಎಲ್‌ಇಡಿ ಮತ್ತು ಡಯೋಡ್ ನಡುವೆ ಒಂದು ಕಪ್ಪು ರಟ್ಟು ಹಿಡಿಯಿರಿ. ಸಿಗ್ನಲ್ ಪೂರ್ತಿ ಮಾಯವಾಗಬೇಕು. ಅಂಚುಗಳಲ್ಲಿ ಚೂಪು ಮುಳ್ಳುಗಳು ಉಳಿದರೆ ಅದು ಬೆಳಕಲ್ಲ. ಎಲ್‌ಇಡಿ ಡ್ರೈವರ್‌ನ ಕರೆಂಟ್ ಗಾಳಿಯಲ್ಲೋ ಗ್ರೌಂಡ್ ತಂತಿಯಲ್ಲೋ ಸ್ಕೋಪ್‌ಗೆ ಹಾರುತ್ತಿದೆ. ತಂತಿ ಚಿಕ್ಕದು ಮಾಡಿ, ಎಲ್‌ಇಡಿಯನ್ನು ದೂರ ಇಡಿ, ಗ್ರೌಂಡ್ ಒಂದೇ ಕಡೆ ಸೇರಿಸಿ.

## ಹಂತ 3: ಕತ್ತಲಲ್ಲಿ ಡಿವೈಸ್‌ನ ಆರೋಗ್ಯ ನೋಡಿ

ಈಗ ನಿಮ್ಮ ಡಿವೈಸ್ ಇಡಿ. ಬೆಳಕು ಇನ್ನೂ ಬೇಡ.

ಮೊದಲು ಕತ್ತಲಲ್ಲಿ ಕರೆಂಟ್-ವೋಲ್ಟೇಜ್ ಗೆರೆ ತೆಗೆಯಿರಿ. ಯಾವ ಕಡೆ ರಿವರ್ಸ್ ಅನ್ನುವುದು ಇಲ್ಲೇ ಖಚಿತವಾಗಲಿ. ಜಿಂಕ್ ಆಕ್ಸೈಡ್ ಕೆಳಗಿರುವ ತಲೆಕೆಳಗಾದ ರಚನೆಯಲ್ಲಿ ಧ್ರುವಗಳೂ ಅದಲುಬದಲಾಗುತ್ತವೆ. ಇದನ್ನು ಮರೆತು ಫಾರ್ವರ್ಡ್ ಬಯಾಸ್‌ನಲ್ಲಿ ವೇಗ ಅಳೆದವರು ಕಡಿಮೆಯೇನಿಲ್ಲ. ರಿವರ್ಸ್ ಕಡೆಯ ಕರೆಂಟ್ ವೋಲ್ಟೇಜ್ ಜೊತೆ ನೇರ ಗೆರೆಯಲ್ಲಿ ಏರುತ್ತಿದ್ದರೆ ಎಲ್ಲೋ ಸೋರಿಕೆ ಇದೆ, ಆ ಡಿವೈಸ್ ಬಿಟ್ಟುಬಿಡಿ.

ಆಮೇಲೆ ಕೆಪಾಸಿಟೆನ್ಸ್. ಎಲ್‌ಸಿಆರ್ ಮೀಟರ್‌ನಲ್ಲಿ 10ರಿಂದ 100 ಕಿಲೋಹರ್ಟ್ಸ್ ನಡುವೆ, ಸಣ್ಣ ಎಸಿ ಸಿಗ್ನಲ್ ಇಟ್ಟು, ನೀವು ಬಳಸಲಿರುವ ರಿವರ್ಸ್ ವೋಲ್ಟೇಜ್‌ನಲ್ಲೇ ಅಳೆಯಿರಿ. ನಮ್ಮ ಉದಾಹರಣೆಗೆ 1.55 ನ್ಯಾನೋಫ್ಯಾರಡ್ ಆಸುಪಾಸು ಬರಬೇಕು. ತುಂಬಾ ಜಾಸ್ತಿ ಬಂದರೆ ಎರಡು ಸಾಧ್ಯತೆ. ಒಂದು, ಪದರ ನೀವು ಅಂದುಕೊಂಡದ್ದಕ್ಕಿಂತ ತೆಳುವಾಗಿದೆ ಅಥವಾ ವಿಸ್ತೀರ್ಣ ದೊಡ್ಡದಿದೆ. ಇನ್ನೊಂದು, ಪದರ ಡೋಪ್ ಆಗಿದೆ, ಅಂದರೆ ಹೊರಗಿನ ವಸ್ತು ಸೇರಿ ಬೆಳಕಿಲ್ಲದೆಯೂ ಅದರಲ್ಲಿ ಚಾರ್ಜ್ ತುಂಬಿಕೊಂಡಿದೆ. ಗಾಳಿಯ ಆಕ್ಸಿಜನ್ ತಾಗಿದ ಪಿ3ಎಚ್‌ಟಿಯಂಥ ಪಾಲಿಮರ್‌ಗಳಲ್ಲಿ ಇದು ಆಗುತ್ತದೆ. ಆಗ ಫೀಲ್ಡ್ ಪದರದ ಒಂದು ಭಾಗದಲ್ಲಿ ಮಾತ್ರ ಇರುತ್ತದೆ, ಉಳಿದ ಭಾಗದಲ್ಲಿ ಚಾರ್ಜ್ ತಳ್ಳುವವರಿಲ್ಲದೆ ಅಲೆಯುತ್ತದೆ. ರಿವರ್ಸ್ ವೋಲ್ಟೇಜ್ ಏರಿಸುತ್ತಾ ಹೋದಾಗ ಕೆಪಾಸಿಟೆನ್ಸ್ ಇಳಿಯುತ್ತಾ ಬಂದು ಒಂದು ಮಟ್ಟದಲ್ಲಿ ನಿಂತರೆ ಕಾರಣ ಡೋಪಿಂಗ್. ಅದು ನಿಂತ ವೋಲ್ಟೇಜ್‌ನಿಂದ ಮುಂದಕ್ಕೆ ಮಾತ್ರ ಮೊದಲ ಹಂತದ ಲೆಕ್ಕ ಅನ್ವಯಿಸುತ್ತದೆ.

ಕೊನೆಗೆ ಐಟಿಒ ಪಟ್ಟಿ, ಅಂದರೆ ಗಾಜಿನ ಮೇಲಿನ ಪಾರದರ್ಶಕ ಎಲೆಕ್ಟ್ರೋಡ್. ಚೌಕಕ್ಕೆ 15 ಓಂ ಇರುವ ಐಟಿಒ ಅಂತಿಟ್ಟುಕೊಳ್ಳಿ. ಡಿವೈಸ್‌ನಿಂದ ಕ್ಲಿಪ್ ತನಕ ಪಟ್ಟಿ 8 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ಅಗಲ ಇದ್ದರೆ ನಾಲ್ಕು ಚೌಕ ಆಯಿತು, ಅಂದರೆ 60 ಓಂ. ಲೋಡ್‌ಗಿಂತ ಇದೇ ಜಾಸ್ತಿ! ಕ್ಲಿಪ್ ಹಿಡಿಯುವ ಜಾಗದಿಂದ ಡಿವೈಸ್‌ನ ಅಂಚಿನ ಹತ್ತಿರದವರೆಗೆ ಬೆಳ್ಳಿ ಪೇಸ್ಟ್ ಎಳೆದರೆ ಇದು ಬಹಳ ಇಳಿಯುತ್ತದೆ.

## ಹಂತ 4: ಲೋಡ್ 50 ಓಂನಿಂದಲೇ ಶುರುವಾಗಲಿ

ಮೂರೂವರೆ ಮಿಲಿಸೆಕೆಂಡ್‌ನ ಗುಟ್ಟು ಇಲ್ಲಿದೆ. ಡಿವೈಸ್‌ನ ತಂತಿಯನ್ನು ನೇರವಾಗಿ ಸ್ಕೋಪ್‌ಗೆ ಸಿಕ್ಕಿಸಿದರೆ ಲೋಡ್ ಅಂದರೆ ಸ್ಕೋಪ್‌ನ ಒಳಗಿರುವ 1 ಮೆಗಾಓಂ. ಅದನ್ನು 1.55 ನ್ಯಾನೋಫ್ಯಾರಡ್‌ನಿಂದ ಗುಣಿಸಿ. 1.55 ಮಿಲಿಸೆಕೆಂಡ್. ಏರುವ ಸಮಯ ಇದರ 2.2 ಪಟ್ಟು, ಅಂದರೆ 3.4 ಮಿಲಿಸೆಕೆಂಡ್. ಬ್ಯಾಂಡ್‌ವಿಡ್ತ್ ಬರೀ 103 ಹರ್ಟ್ಸ್. ಪಾಲಿಮರ್ ತನ್ನ ಕೆಲಸವನ್ನು 2 ಮೈಕ್ರೋಸೆಕೆಂಡ್‌ನಲ್ಲಿ ಮುಗಿಸಿ ಸುಮ್ಮನಿದೆ, ಕೆಪಾಸಿಟರ್ ಮಾತ್ರ ಇನ್ನೂ ತುಂಬುತ್ತಿದೆ.

ಜನ 1 ಮೆಗಾಓಂ ಬಳಸುವುದಕ್ಕೂ ಕಾರಣ ಇದೆ. ಅದರಲ್ಲಿ ಸಿಗ್ನಲ್ ದೊಡ್ಡದಾಗಿ ಕಾಣುತ್ತದೆ. 50 ಓಂನಲ್ಲಿ 30 ಮೈಕ್ರೋಆಂಪ್ ಕರೆಂಟ್ ಕೊಡುವುದು 1.5 ಮಿಲಿವೋಲ್ಟ್ ಮಾತ್ರ. ಗೆರೆ ಗದ್ದಲದಲ್ಲಿ ಮುಳುಗಿದ ಹಾಗಿರುತ್ತದೆ. ಹೆದರಬೇಡಿ. ಜನರೇಟರ್‌ನ ಸಿಂಕ್ ಔಟ್‌ಪುಟ್‌ನಿಂದ ಟ್ರಿಗರ್ ಕೊಡಿ, 256 ಸಲದ ಸರಾಸರಿ ಹಾಕಿ. ಗದ್ದಲ 16ರಲ್ಲಿ ಒಂದು ಪಾಲಾಗುತ್ತದೆ, ಗೆರೆ ಎದ್ದು ಬರುತ್ತದೆ.

ಸ್ಕೋಪ್‌ನಲ್ಲಿ 50 ಓಂ ಆಯ್ಕೆ ಇಲ್ಲದಿದ್ದರೆ ಟರ್ಮಿನೇಟರನ್ನು ಸ್ಕೋಪ್‌ನ ಬಾಯಿಗೇ ಹಾಕಿ, ಡಿವೈಸ್ ಕಡೆಗಲ್ಲ. ಇನ್‌ಪುಟ್ ಡಿಸಿ ಕಪ್ಲಿಂಗ್‌ನಲ್ಲಿರಲಿ. ಎಸಿಯಲ್ಲಿಟ್ಟರೆ ಉದ್ದನೆಯ ಪಲ್ಸ್‌ನ ನೆತ್ತಿ ಇಳಿಜಾರಾಗುತ್ತದೆ. ಡಿವೈಸ್‌ನ ಕರೆಂಟೇ ಕುಸಿಯುತ್ತಿದೆ ಅಂತ ಆಮೇಲೆ ಅದಕ್ಕೊಂದು ಕಥೆ ಕಟ್ಟಬೇಕಾಗುತ್ತದೆ.

## ಹಂತ 5: ಪಲ್ಸ್ ಕೊಟ್ಟು ಗೆರೆಯ ಆಕಾರ ಓದಿ

ಬೆಳಕು ಆನ್ ಇರುವ ಹೊತ್ತು ನಿರೀಕ್ಷಿತ ಏರುವ ಸಮಯದ ಕನಿಷ್ಠ ಐದು ಪಟ್ಟು ಇರಲಿ. ಆಫ್ ಇರುವ ಹೊತ್ತು ಅದಕ್ಕಿಂತ ಜಾಸ್ತಿಯೇ ಇರಲಿ. ನೆತ್ತಿ ಚಪ್ಪಟೆಯಾಗಿ ನಿಂತ ಮೇಲೆಯೇ ಶೇ. 100 ಯಾವುದು ಅಂತ ಹೇಳಲು ಸಾಧ್ಯ. ಸಿಗ್ನಲ್ ಇನ್ನೂ ಏರುತ್ತಿರುವಾಗಲೇ ಬೆಳಕು ಆರಿಸಿದರೆ ಶೇ. 90ರ ಗುರುತೇ ತಪ್ಪಾಗಿ, ಡಿಟೆಕ್ಟರ್ ಇರುವುದಕ್ಕಿಂತ ವೇಗವಾಗಿ ಕಾಣುತ್ತದೆ. ಪ್ರಕಟವಾಗುವ ಒಳ್ಳೊಳ್ಳೆಯ ಸಂಖ್ಯೆಗಳಲ್ಲಿ ನನಗೆ ಹೆಚ್ಚು ಅನುಮಾನ ಹುಟ್ಟಿಸುವುದು ಈ ತಪ್ಪೇ.

ಸಂಖ್ಯೆ ಓದುವ ಮೊದಲು ಗೆರೆಯನ್ನು ಕಣ್ಣಿಟ್ಟು ನೋಡಿ. ಒಂದೇ ಬಾಗಿನಲ್ಲಿ ನಯವಾಗಿ ಏರಿ ನಿಂತರೆ ಆರ್‌ಸಿ ಇರಬಹುದು. ಮುಕ್ಕಾಲು ಭಾಗ ಜಿಗಿದು, ಅಲ್ಲಿ ಮೊಣಕೈಯಂತೆ ಬಗ್ಗಿ, ಉಳಿದ ಕಾಲು ಭಾಗವನ್ನು ತೆವಳುತ್ತಾ ಏರಿದರೆ ಎರಡು ಬೇರೆ ಬೇರೆ ಕಾರಣಗಳು ಕೆಲಸ ಮಾಡುತ್ತಿವೆ. ಇಳಿಯುವಾಗಲೂ ಹಾಗೇ. ಧಡಕ್ಕನೆ ಬಿದ್ದು ನೆಲಕ್ಕೆ ಹತ್ತಿರ ಬಂದ ಮೇಲೆ ಉದ್ದಕ್ಕೆ ಎಳೆಯುವ ಬಾಲವೇ ಟ್ರ್ಯಾಪ್‌ಗಳ ಮೊದಲ ಸುಳಿವು. ಬಾಲ ಶೇ. 10ಕ್ಕಿಂತ ಕೆಳಗೆ ಶುರುವಾದರೆ ಇಳಿಯುವ ಸಮಯದ ಸಂಖ್ಯೆಯಲ್ಲಿ ಅದು ಕಾಣುವುದೇ ಇಲ್ಲ. ಹಾಗಾಗಿ ಗೆರೆಯನ್ನು ಲಾಗ್ ಮಾಪಕದಲ್ಲೂ ಬಿಡಿಸಿ ನೋಡಿ.

ಬೆಳಕು ಡಿವೈಸ್‌ನ ಚೌಕದೊಳಗೆ ಮಾತ್ರ ಬೀಳಲಿ. ಪೆಡಾಟ್ (ಕರೆಂಟ್ ಹರಿಸುವ ಪಾಲಿಮರ್) ಪದರ ಚೌಕದಾಚೆಗೂ ಹರಡಿರುತ್ತದೆ. ಹೊರಗೆ ಹುಟ್ಟಿದ ಚಾರ್ಜ್ ಅದರ ಮೂಲಕ ಅಡ್ಡಡ್ಡ ನಡೆದು ತಡವಾಗಿ ಬರುತ್ತದೆ. ಒಂದು ಸಣ್ಣ ಮಾಸ್ಕ್ ಇಟ್ಟಾಗ ಬಾಲ ಮಾಯವಾದರೆ ಅದು ಟ್ರ್ಯಾಪ್ ಅಲ್ಲ, ಅಂಚಿನ ಬೆಳಕು.

## ಹಂತ 6: ಫ್ರೀಕ್ವೆನ್ಸಿ ಸ್ವೀಪ್

ಎಲ್‌ಇಡಿಗೆ ಡಿಸಿ ಕರೆಂಟ್ ಕೊಟ್ಟು, ಅದರ ಮೇಲೆ ಶೇ. 10-20ರಷ್ಟು ಸೈನ್ ಅಲೆ ಸೇರಿಸಿ. 100 ಹರ್ಟ್ಸ್‌ನಿಂದ ಶುರು ಮಾಡಿ ಮೇಲೇರಿ. ಸಿಗ್ನಲ್ ಚಪ್ಪಟೆ ಭಾಗದ ಶೇ. 70.7ಕ್ಕೆ ಇಳಿಯುವ ಜಾಗವೇ 3 ಡೆಸಿಬೆಲ್ ಬ್ಯಾಂಡ್‌ವಿಡ್ತ್. ಪ್ರತಿ ಬಿಂದುವನ್ನೂ ಸಿಲಿಕಾನ್ ಡಯೋಡ್‌ನ ಉತ್ತರದಿಂದ ಭಾಗಿಸಿದರೆ ಎಲ್‌ಇಡಿಯ ಸ್ವಂತ ಇಳಿಕೆ ಹೊರಟುಹೋಗುತ್ತದೆ.

ಈಗ ತಾಳೆ ನೋಡಿ. 0.35ನ್ನು ಏರುವ ಸಮಯದಿಂದ ಭಾಗಿಸಿದರೆ ಈ ಬ್ಯಾಂಡ್‌ವಿಡ್ತ್ ಹತ್ತಿರ ಬರಬೇಕು. ನಮ್ಮ 274 ಕಿಲೋಹರ್ಟ್ಸ್‌ಗೆ ಏರುವ ಸಮಯ 1.3 ಮೈಕ್ರೋಸೆಕೆಂಡ್. ಎರಡಕ್ಕೂ ಎರಡು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮುಂದೆ ಹೋಗಬೇಡಿ. ಪಲ್ಸ್‌ನ ಬೆಳಕು ತುಂಬಾ ಪ್ರಬಲವಾಗಿರಬಹುದು, ಇಲ್ಲವೇ ಟ್ರ್ಯಾಪ್ ಇರಬಹುದು. ಬರೀ ಆರ್‌ಸಿ ಇದ್ದರೆ ಇಳಿಕೆ ದಶಕಕ್ಕೆ 20 ಡೆಸಿಬೆಲ್‌ನಂತೆ ಸ್ವಚ್ಛವಾಗಿರುತ್ತದೆ. ಕೆಳಗಿನ ಫ್ರೀಕ್ವೆನ್ಸಿಯಿಂದಲೇ ಸ್ವಲ್ಪ ಸ್ವಲ್ಪ ಕರಗುತ್ತಾ ಬರುವ ಗೆರೆ ಟ್ರ್ಯಾಪ್‌ನ ಗುರುತು.

## ಹಂತ 7: ಆರ್‌ಸಿಯಾ, ದಾಟುವ ಸಮಯವಾ?

ಇಡೀ ಕೆಲಸದ ಜೀವಾಳ ಈ ಹಂತ. ಅವಸರ ಮಾಡಬೇಡಿ.

ಮೊದಲು ಲೋಡ್ ಬದಲಿಸಿ. ಅದೇ ಡಿವೈಸ್, ಅದೇ ಬೆಳಕು, ರೆಸಿಸ್ಟರ್ ಮಾತ್ರ ಬೇರೆ. ನಮ್ಮ ಉದಾಹರಣೆಯಲ್ಲಿ 50 ಕಿಲೋಓಂನಲ್ಲಿ ಏರುವ ಸಮಯ 171 ಮೈಕ್ರೋಸೆಕೆಂಡ್ ಬರುತ್ತದೆ. 5 ಕಿಲೋಓಂನಲ್ಲಿ 17. ಹತ್ತು ಪಟ್ಟು ಇಳಿಸಿದ್ದಕ್ಕೆ ಹತ್ತು ಪಟ್ಟು ಇಳಿಯಿತು, ಅಂದರೆ ಇಲ್ಲಿಯ ತನಕ ಆರ್‌ಸಿಯದೇ ಆಟ. 500 ಓಂನಲ್ಲಿ 1.7 ಬರಬೇಕಿತ್ತು, ಬಂದದ್ದು 2.2. 50 ಓಂಗೆ ಹೋದರೆ 1.3ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಗೆರೆ ಮಲಗಿತು. ಆ ತಳದಲ್ಲಿ ಉಳಿದಿರುವುದು ಡಿವೈಸ್‌ನ ಸ್ವಂತ ಸಮಯ. ಲೋಡ್ ಬದಲಿಸುವಾಗ ಕೇಬಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪ್ರತಿ ಮೀಟರ್ ಉದ್ದಕ್ಕೆ ಸುಮಾರು 100 ಪಿಕೋಫ್ಯಾರಡ್ ಅದರದ್ದೇ ಸೇರುತ್ತದೆ.

ಎರಡನೆಯದಾಗಿ ವೋಲ್ಟೇಜ್ ಏರಿಸಿ. ಪದರದ ಮೇಲಿನ ಒಟ್ಟು ವೋಲ್ಟೇಜ್ 2ರಿಂದ 4ಕ್ಕೆ ಹೋದರೆ ದಾಟುವ ಸಮಯ ಅರ್ಧವಾಗುತ್ತದೆ, ಏರುವ ಸಮಯ 1.3ರಿಂದ 0.7 ಮೈಕ್ರೋಸೆಕೆಂಡ್ ಹತ್ತಿರ ಬರುತ್ತದೆ. ಆರ್‌ಸಿಯೇ ಮಿತಿ ಆಗಿದ್ದರೆ ವೋಲ್ಟೇಜ್‌ಗೆ ಅದು ಜಗ್ಗುವುದಿಲ್ಲ. ನೀವು ಹೊರಗಿನಿಂದ ಕೊಟ್ಟ ವೋಲ್ಟೇಜ್‌ಗೆ ಡಿವೈಸ್‌ನ ಒಳಗೇ ಇರುವ ವೋಲ್ಟೇಜನ್ನೂ ಕೂಡಿಸಬೇಕು. ಸೊನ್ನೆ ಬಯಾಸ್‌ನಲ್ಲೂ ಡಿಟೆಕ್ಟರ್ ಕೆಲಸ ಮಾಡುವುದು ಅದರಿಂದಲೇ.

ಮೂರನೆಯದು ವಿಸ್ತೀರ್ಣ. ಅದೇ ಗಾಜಿನ ಮೇಲೆ 10 ಮತ್ತು 1 ಚದರ ಮಿಲಿಮೀಟರ್‌ನ ಎರಡು ಡಿವೈಸ್ ಇದ್ದರೆ ಹೋಲಿಸಿ. ವಿಸ್ತೀರ್ಣ ಇಳಿದರೂ ವೇಗ ಬದಲಾಗದಿದ್ದರೆ ಆರ್‌ಸಿ ನಿರಪರಾಧಿ.

ಇಲ್ಲಿ ಆಗುವ ದೊಡ್ಡ ತಪ್ಪು ಒಂದೇ ಪರೀಕ್ಷೆ ನಂಬಿ ತೀರ್ಮಾನಕ್ಕೆ ಬರುವುದು. ಡೋಪ್ ಆದ ಪದರದಲ್ಲಿ ವೋಲ್ಟೇಜ್ ಏರಿದಾಗ ಕೆಪಾಸಿಟೆನ್ಸ್ ಕೂಡ ಇಳಿಯುತ್ತದೆ, ಆರ್‌ಸಿ ಕೂಡ ವೇಗವಾಗುತ್ತದೆ. ವೋಲ್ಟೇಜ್ ಪರೀಕ್ಷೆ ಮಾತ್ರ ನೋಡಿದವರು ಅದನ್ನು ದಾಟುವ ಸಮಯ ಅಂದುಕೊಳ್ಳುತ್ತಾರೆ. ಮೂರನೇ ಹಂತದಲ್ಲಿ ಕೆಪಾಸಿಟೆನ್ಸ್ ಅಳೆದಿಟ್ಟದ್ದು ಇದಕ್ಕಾಗಿಯೇ.

## ಹಂತ 8: ಟ್ರ್ಯಾಪ್‌ಗಳನ್ನು ಹಿಡಿಯುವುದು

ಮೇಲಿನ ಲೆಕ್ಕ ಯಾವುದಕ್ಕೂ ಹೊಂದದೆ ಬಾಲ ಉಳಿದಿದೆಯಾ? ಫಿಲ್ಟರ್ ಹಾಕಿ ಬೆಳಕನ್ನು ಹತ್ತು ಪಟ್ಟು, ನೂರು ಪಟ್ಟು ತಗ್ಗಿಸಿ ಅಳೆಯಿರಿ. ಬೆಳಕು ಕಡಿಮೆಯಾದಷ್ಟೂ ಡಿಟೆಕ್ಟರ್ ನಿಧಾನವಾದರೆ ಟ್ರ್ಯಾಪ್ ಇರುವುದು ಬಹುತೇಕ ಖಚಿತ. ದಾರಿಯ ಗುಂಡಿಗಳು ಮೊದಲು ತುಂಬಬೇಕು, ಆಮೇಲೆ ಬಂದವರು ಸಲೀಸಾಗಿ ದಾಟುತ್ತಾರೆ. ಬೆಳಕು ಕಡಿಮೆ ಇದ್ದಾಗ ಬರುವ ಚಾರ್ಜ್ ಎಲ್ಲ ಗುಂಡಿ ತುಂಬುವುದರಲ್ಲೇ ಕಳೆಯುತ್ತದೆ.

ಇದನ್ನು ಖಚಿತ ಮಾಡಿಕೊಳ್ಳಲು ಇನ್ನೊಂದು ಎಲ್‌ಇಡಿಯಿಂದ ಸದಾ ಉರಿಯುವ ಮಂದ ಬೆಳಕನ್ನು ಡಿವೈಸ್ ಮೇಲೆ ಬಿಡಿ, ಪಲ್ಸ್ ಹಾಗೇ ಇರಲಿ. ಬಾಲ ಚಿಕ್ಕದಾದರೆ ಗುಂಡಿಗಳು ತುಂಬಿವೆ ಅಂತ ಅರ್ಥ. ಪರದೆಯ ಮೇಲೆ ಇದನ್ನು ನೋಡುವುದೇ ಒಂದು ಖುಷಿ. ಹಿನ್ನೆಲೆ ಬೆಳಕು ಏರಿಸುತ್ತಿದ್ದಂತೆ ಎಳೆದುಕೊಂಡಿದ್ದ ಬಾಲ ಕಣ್ಣೆದುರೇ ಒಳಕ್ಕೆ ಸರಿಯುತ್ತದೆ.

ಬೆಳಕು ಜಾಸ್ತಿ ಮಾಡಿದಾಗ ನಿಧಾನವಾದರೆ ಕಥೆಯೇ ಬೇರೆ. ಪದರದಲ್ಲಿ ಚಾರ್ಜ್ ಗುಂಪುಗೂಡಿ ಫೀಲ್ಡನ್ನು ತಗ್ಗಿಸುತ್ತಿದೆ, ಅಥವಾ ಲೋಡ್ ಮೇಲೆ ಬೀಳುವ ಸಿಗ್ನಲ್ ವೋಲ್ಟೇಜ್ ನಿಮ್ಮ ಬಯಾಸನ್ನೇ ತಿನ್ನುತ್ತಿದೆ. ಬೆಳಕು ತಗ್ಗಿಸಿ. ಸಣ್ಣ ಲೇಸರ್ ಪಲ್ಸ್ ಬಳಸುವವರು ಒಂದು ಪಲ್ಸ್‌ನಲ್ಲಿ ಹುಟ್ಟುವ ಚಾರ್ಜ್ ಕೆಪಾಸಿಟೆನ್ಸ್ ಮತ್ತು ವೋಲ್ಟೇಜ್‌ಗಳ ಗುಣಲಬ್ಧದ ಹತ್ತನೇ ಒಂದು ಪಾಲು ಮೀರದಂತೆ ನೋಡಿಕೊಳ್ಳಿ. ನಮ್ಮ ಡಿವೈಸ್‌ಗೆ ಆ ಗುಣಲಬ್ಧ 3.1 ನ್ಯಾನೋಕೂಲಂಬ್, ಹಾಗಾಗಿ ಮಿತಿ 0.3.

ಜಿಂಕ್ ಆಕ್ಸೈಡ್ ಪದರ ಇದ್ದರೆ ಇನ್ನೊಂದು ಪರೀಕ್ಷೆ ಮಾಡಿ. ಸ್ವಲ್ಪ ಹೊತ್ತು ಅತಿನೇರಳೆ ಬೆಳಕು ತೋರಿಸಿ ಮತ್ತೆ ಅಳೆಯಿರಿ. ವೇಗ ಬದಲಾದರೆ ಟ್ರ್ಯಾಪ್ ಇರುವುದು ಆಕ್ಸೈಡ್‌ನಲ್ಲಿ, ಪಾಲಿಮರ್‌ನಲ್ಲಲ್ಲ. ಹಾಗೆಯೇ ಬಿದ್ದ ಫೋಟಾನ್‌ಗಳಿಗಿಂತ ಹೆಚ್ಚು ಎಲೆಕ್ಟ್ರಾನ್ ಹೊರಬರುತ್ತಿದ್ದರೆ, ಅಂದರೆ ದಕ್ಷತೆ ಶೇ. 100 ದಾಟಿದರೆ, ಡಿಟೆಕ್ಟರ್‌ಗೆ ಗೇನ್ ಇದೆ. ಒಂದು ಬಗೆಯ ಚಾರ್ಜ್ ಸಿಕ್ಕಿಬಿದ್ದು ಇನ್ನೊಂದನ್ನು ಹೊರಗಿನಿಂದ ಎಳೆದು ತರುವುದರಿಂದ ಆ ಗೇನ್ ಬರುತ್ತದೆ. ಅಲ್ಲಿ ನಿಧಾನ ಕೂಡ ಗೇನ್ ಜೊತೆಗೇ ಬರುವ ಬೆಲೆ.

## ಹಂತ 9: ಮೊಬಿಲಿಟಿ ಅಳೆಯಲೇಬೇಕು ಅಂದರೆ

ಏಳನೇ ಹಂತದಲ್ಲಿ ದಾಟುವ ಸಮಯವೇ ಮಿತಿ ಅಂತ ಸಾಬೀತಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ.

ಟೈಮ್ ಆಫ್ ಫ್ಲೈಟ್ ವಿಧಾನಕ್ಕೆ ಕನಿಷ್ಠ 1 ಮೈಕ್ರೋಮೀಟರ್ ದಪ್ಪದ ಪದರ ಬೇಕು. ಚಾರ್ಜ್ ಒಂದು ಅಂಚಿನಲ್ಲೇ ಹುಟ್ಟಿ ಇನ್ನೊಂದು ಅಂಚಿಗೆ ನಡೆಯಬೇಕು ಅನ್ನುವುದು ಅದರ ತತ್ವ. 200 ನ್ಯಾನೋಮೀಟರ್ ಪದರದಲ್ಲಿ ಬೆಳಕು ಉದ್ದಕ್ಕೂ ಹೀರಲ್ಪಡುತ್ತದೆ, ಹಾಗಾಗಿ ಅಳತೆಗೆ ಅರ್ಥವಿರುವುದಿಲ್ಲ.

ತೆಳು ಪದರಕ್ಕೆ ಸೆಲಿವ್ ವಿಧಾನ ಒಳ್ಳೆಯದು. ರಿವರ್ಸ್ ದಿಕ್ಕಿನಲ್ಲಿ ವೋಲ್ಟೇಜನ್ನು ಇಳಿಜಾರಿನಂತೆ ಏರಿಸಿ, ಕರೆಂಟ್‌ನಲ್ಲಿ ಏಳುವ ಗುಡ್ಡೆಯ ತುದಿ ಯಾವ ಕ್ಷಣದಲ್ಲಿ ಬಂತು ಅಂತ ನೋಡುತ್ತೇವೆ. ಬೆಳಕಿಲ್ಲದಾಗ ಗೆರೆ ಒಂದು ಚಪ್ಪಟೆ ಮೆಟ್ಟಿಲಾಗಿರಬೇಕು, ಅದರ ಎತ್ತರದಿಂದ ಕೆಪಾಸಿಟೆನ್ಸ್ ಸಿಗುತ್ತದೆ. ಅದು ಎಲ್‌ಸಿಆರ್ ಮೀಟರ್‌ನ ಸಂಖ್ಯೆಗೆ ಹೊಂದದಿದ್ದರೆ ನಿಲ್ಲಿಸಿ. ಗುಡ್ಡೆಯ ತುದಿ ಆರ್‌ಸಿ ಸಮಯಕ್ಕೆ ಹತ್ತಿರ ಬಂದರೂ ನಿಲ್ಲಿಸಿ, ನೀವು ಆಗ ಅಳೆಯುತ್ತಿರುವುದು ಆರ್‌ಸಿಯನ್ನೇ. ಇದರಲ್ಲಿ ಸಾಮಾನ್ಯವಾಗಿ ಕಾಣುವುದು ವೇಗದ ಚಾರ್ಜ್ ಅನ್ನುವುದೂ ನೆನಪಿರಲಿ. ಮೊದಲ ಹಂತದ ಲೆಕ್ಕಕ್ಕೆ ಬೇಕಾದದ್ದು ನಿಧಾನದ್ದು.

ಕತ್ತಲಿನ ಕರೆಂಟ್-ವೋಲ್ಟೇಜ್ ಗೆರೆಯಿಂದ ಮೊಬಿಲಿಟಿ ತೆಗೆಯುವ ಸ್ಪೇಸ್ ಚಾರ್ಜ್ ವಿಧಾನದಲ್ಲಿ ಎಲೆಕ್ಟ್ರಾನ್‌ಗೊಂದು, ಹೋಲ್‌ಗೊಂದು ಪ್ರತ್ಯೇಕ ಡಿವೈಸ್ ಮಾಡಬೇಕು. ಕರೆಂಟ್ ವೋಲ್ಟೇಜ್‌ನ ವರ್ಗದಂತೆ ಏರಿದರೆ ಸಾಲದು, ದಪ್ಪದ ಘನಕ್ಕೆ ವಿಲೋಮವಾಗಿಯೂ ಇಳಿಯಬೇಕು. ಮೂರು ದಪ್ಪಗಳಲ್ಲಿ ನೋಡದೆ ಒಂದೇ ಗೆರೆಗೆ ಸೂತ್ರ ಹೊಂದಿಸಿದರೆ ಬರುವ ಸಂಖ್ಯೆಯನ್ನು ನಾನಂತೂ ನಂಬುವುದಿಲ್ಲ.

## ಹಂತ 10: ವೇಗ ಹೆಚ್ಚಿಸುವುದು, ಅದೂ ಕ್ರಮವಾಗಿ

ಆರ್‌ಸಿ ಮಿತಿ ಆಗಿದ್ದರೆ ಮೊದಲು ವಿಸ್ತೀರ್ಣ ಇಳಿಸಿ, ಆಮೇಲೆ ಐಟಿಒ ದಾರಿ ಚಿಕ್ಕದು ಮಾಡಿ. ದೊಡ್ಡ ವಿಸ್ತೀರ್ಣವೇ ಬೇಕು ಅಂದರೆ ಟ್ರಾನ್ಸ್‌ಇಂಪಿಡೆನ್ಸ್ ಆಂಪ್ಲಿಫೈಯರ್ (ಕರೆಂಟನ್ನು ವೋಲ್ಟೇಜ್ ಆಗಿಸುವ ಸರ್ಕ್ಯೂಟ್) ಬಳಸಬಹುದು. ಅದಕ್ಕೂ ಮಿತಿ ಇದೆ. 100 ಮೆಗಾಹರ್ಟ್ಸ್ ಗೇನ್-ಬ್ಯಾಂಡ್‌ವಿಡ್ತ್ ಇರುವ ಆಪ್‌ಆಂಪ್, 10 ಕಿಲೋಓಂ ಫೀಡ್‌ಬ್ಯಾಕ್, ನಮ್ಮ 1.55 ನ್ಯಾನೋಫ್ಯಾರಡ್ ಸೇರಿದರೆ ಸಿಗುವುದು ಸುಮಾರು 1 ಮೆಗಾಹರ್ಟ್ಸ್ ಅಷ್ಟೇ. ಫೀಡ್‌ಬ್ಯಾಕ್‌ಗೆ ಸಮಾಂತರವಾಗಿ ಸಣ್ಣ ಕೆಪಾಸಿಟರ್ ಹಾಕದಿದ್ದರೆ ಅದು ನಡುಗಲು ಶುರು ಮಾಡುತ್ತದೆ. ಪಲ್ಸ್‌ನ ಅಂಚಿನಲ್ಲಿ ಸಣ್ಣ ಸಣ್ಣ ಅಲೆಗಳು ಕಂಡರೆ ಅದೇ ಸೂಚನೆ.

ದಾಟುವ ಸಮಯ ಮಿತಿ ಆಗಿದ್ದರೆ ಮೊದಲು ರಿವರ್ಸ್ ವೋಲ್ಟೇಜ್ ಏರಿಸಿ. ಡಾರ್ಕ್ ಕರೆಂಟ್ (ಬೆಳಕಿಲ್ಲದಾಗಲೂ ಹರಿಯುವ ಕರೆಂಟ್) ಎಷ್ಟು ಏರಿತು ಅಂತ ಪ್ರತಿ ಸಲ ಬರೆದಿಡಿ. ಆಮೇಲೆ ದಪ್ಪ ಇಳಿಸಿ. ದಪ್ಪ ಅರ್ಧವಾದರೆ ದಾಟುವ ಸಮಯ ಕಾಲು ಭಾಗಕ್ಕೆ ಬರುತ್ತದೆ, ಆದರೆ ಕೆಪಾಸಿಟೆನ್ಸ್ ಎರಡು ಪಟ್ಟಾಗುತ್ತದೆ. ಎರಡೂ ಮಿತಿಗಳು ಸಮ ಆಗುವ ದಪ್ಪದ ಆಸುಪಾಸಿನಲ್ಲೇ ಅತಿ ಹೆಚ್ಚು ವೇಗ ಸಿಗುತ್ತದೆ. ನಮ್ಮ ಡಿವೈಸ್‌ನಲ್ಲಿ 200ನ್ನು 100 ಮಾಡಿದರೆ ದಾಟುವ ಮಿತಿ 1.1 ಮೆಗಾಹರ್ಟ್ಸ್‌ಗೆ ಏರಿ, ಆರ್‌ಸಿ 0.64ಕ್ಕೆ ಇಳಿಯುತ್ತದೆ. ಒಟ್ಟು 0.55 ಮೆಗಾಹರ್ಟ್ಸ್, ಮೊದಲಿನ ಎರಡು ಪಟ್ಟು. ಆದರೆ ಯಜಮಾನ ಬದಲಾಗಿಬಿಟ್ಟ, ಇನ್ನೂ ತೆಳುವಾದರೆ ನಷ್ಟವೇ. ತೆಳು ಪದರದಲ್ಲಿ ಸೂಜಿತೂತುಗಳೂ ಜಾಸ್ತಿ, ಬೆಳಕು ಹೀರುವುದೂ ಕಡಿಮೆ.

ಟ್ರ್ಯಾಪ್ ಮಿತಿ ಆಗಿದ್ದರೆ ಮಾತ್ರ ರಸಾಯನಶಾಸ್ತ್ರಕ್ಕೆ ಕೈ ಹಾಕಿ. ಪಾಲಿಮರ್‌ನ ಶುದ್ಧತೆ, ಪದರದಲ್ಲಿ ಉಳಿದ ದ್ರಾವಕ, ಅನೀಲಿಂಗ್ (ಪದರವನ್ನು ಬಿಸಿ ಮಾಡಿ ಹದಗೊಳಿಸುವುದು), ಗಾಳಿ ಮತ್ತು ತೇವ ತಾಗಿದ್ದು, ಈ ನಾಲ್ಕನ್ನು ಒಂದು ಸಲಕ್ಕೆ ಒಂದರಂತೆ ಬದಲಿಸಿ ನೋಡಿ.

ಪ್ರತಿ ಸಂಖ್ಯೆಯ ಪಕ್ಕದಲ್ಲೂ ವಿಸ್ತೀರ್ಣ, ದಪ್ಪ, ಬಯಾಸ್, ಲೋಡ್, ಬೆಳಕಿನ ಬಣ್ಣ ಮತ್ತು ತೀವ್ರತೆ, ತಾಪಮಾನ ಬರೆಯಿರಿ. ತಾಪಮಾನ ಯಾಕೆ ಅಂದರೆ, ಈ ವಸ್ತುಗಳಲ್ಲಿ ಬಿಸಿ ಏರಿದರೆ ಚಾರ್ಜ್ ಹಾರುವುದು ಸುಲಭವಾಗುತ್ತದೆ, ಮೊಬಿಲಿಟಿಯೂ ಏರುತ್ತದೆ. ಪ್ರಬಲ ಎಲ್‌ಇಡಿಯ ಹತ್ತಿರ ಬಹಳ ಹೊತ್ತು ಕೂತ ಡಿವೈಸ್ ಮಧ್ಯಾಹ್ನ ಬೆಳಗ್ಗೆಗಿಂತ ವೇಗವಾಗಿ ಕಂಡರೆ ಅದನ್ನು ಸುಧಾರಣೆ ಅಂತ ಬರೆಯುವ ಮೊದಲು ತಣ್ಣಗಾಗಲು ಬಿಟ್ಟು ಇನ್ನೊಂದು ಸಲ ಅಳೆಯಿರಿ.